ಹಿಂದಿನ ಸೀಟಿನ ಮಾತು

ಸತ್ತವರು ಮಾತಾಡುತ್ತಾರೆ, ಇಲ್ಲದವರ ಧ್ವನಿ ಕೇಳುತ್ತದೆ ಎಂದೆಲ್ಲ ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ತೀರ್ಥಹಳ್ಳಿಯ ಒಂದು ಲ್ಯಾಬಿನಲ್ಲಿ ಹದಿನೆಂಟು ವರ್ಷದಿಂದ ರಕ್ತ ಪರೀಕ್ಷೆ ಮಾಡುವವಳು ನಾನು. ಗಾಜಿನ ಮೇಲೆ ಕಂಡದ್ದನ್ನು ಇದೆ ಎಂದು ಬರೆಯುವುದು, ಕಾಣದ್ದನ್ನು ಇಲ್ಲ ಎಂದು ಬರೆಯುವುದು ನನ್ನ ಕೆಲಸ. ನಾಲ್ಕು ವರ್ಷದ ಹಿಂದೆ ನಡೆದದ್ದನ್ನು ಎಲ್ಲಿ ಬರೆಯಬೇಕೋ ತಿಳಿಯದೆ ಇಲ್ಲಿ ಬರೆಯುತ್ತಿದ್ದೇನೆ. ನೀವು ನಂಬಲೇಬೇಕೆಂದಿಲ್ಲ. ನನ್ನ ಜಾಗದಲ್ಲಿ ನೀವಿದ್ದು ನಾನು ಓದುತ್ತಿದ್ದರೆ ನಾನೂ ನಂಬುತ್ತಿರಲಿಲ್ಲ.

ಮೊದಲು ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು. ನನಗೆ ಒಬ್ಬನೇ ಅಣ್ಣ. ಹೊಸನಗರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಅರ್ಜಿ, ಪಹಣಿ ಎಂದು ಬರುವವರ ಕೆಲಸ ಮಾಡಿಕೊಡುತ್ತಾನೆ. ನಾನು ನಮ್ಮ ಜಾತಿಯಲ್ಲದವರನ್ನು, ಖಾಸಗಿ ಬಸ್ಸಿನ ಡ್ರೈವರೊಬ್ಬರನ್ನು ಮದುವೆಯಾದೆ. ಹೊಸಿಲು ದಾಟಬೇಡ ಎಂದ ಅಣ್ಣ. ಅವ್ವ ಅವನ ಮನೆಯಲ್ಲೇ ಇದ್ದಳು. ಅವನು ಅಂಗಡಿಗೆ ಹೋದ ಮೇಲೆ ನನಗೆ ಫೋನ್ ಮಾಡುತ್ತಿದ್ದಳು. ಒಂದು ವಾರ ಅವಳ ಫೋನ್ ಬರಲಿಲ್ಲ, ನಾನು ಮಾಡಿದರೆ ಸ್ವಿಚ್ ಆಫ್ ಇತ್ತು. ಆಮೇಲೆ ಒಂದು ಬೆಳಿಗ್ಗೆ ಅಣ್ಣನ ಫೋನೇ ಬಂತು. ನಾನು ಹೋಗಿ ಇಳಿಯುವಾಗ ಹೆಣ ಎತ್ತುತ್ತಿದ್ದರು. ಅಂಗಳದಲ್ಲಿ ನಿಂತೇ ಅಣ್ಣ ಹೇಳಿದ, "ಮೂರು ದಿನದಿಂದ ಅವ್ವಂಗೆ ಪ್ರಜ್ಞೆನೇ ಇರ್ಲಿಲ್ಲ ಕಣೆ. ಯಾರನ್ನೂ ಕೇಳ್ಲಿಲ್ಲ."

ಆ ಮಾತನ್ನು ನಾನು ನಂಬಿದೆ. ಕೇಳಿಲ್ಲವಲ್ಲ, ಹಾಗಾದರೆ ನಾನು ಇರದಿದ್ದದ್ದು ಅವಳಿಗೆ ಗೊತ್ತೇ ಆಗಿರಲಿಕ್ಕಿಲ್ಲ ಎಂದು ಒಂದು ರೀತಿಯ ನೆಮ್ಮದಿಯನ್ನೂ ಮಾಡಿಕೊಂಡೆ. ಅವ್ವ ಹೋದ ಮೇಲೆ ಅಣ್ಣ ಸ್ವಲ್ಪ ಮೆತ್ತಗಾದ. ಹಬ್ಬಕ್ಕೆ ಫೋನ್ ಮಾಡುತ್ತಿದ್ದ. ಅವನ ಮಗಳು ನಿತ್ಯಾ ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿಸಿದಾಗ, "ಅತ್ತೆನೂ ಬಂದ್ರೆ ಮಾತ್ರ ಹೋಗೋದು" ಎಂದು ಹಟ ಹಿಡಿದಳು. ಹಾಗೆ ಏಪ್ರಿಲ್‌ನ ಒಂದು ಭಾನುವಾರ ನಾವು ಮೂವರು ಅಣ್ಣನ ಕಾರಿನಲ್ಲಿ ಹೊರಟೆವು. ನನ್ನ ಗಂಡನಿಗೆ ಡ್ಯೂಟಿ ಇತ್ತು. ಇರದಿದ್ದರೂ ಅವರನ್ನು ಯಾರೂ ಕರೆದಿರಲಿಲ್ಲ.

ಸಾಗರದಿಂದ ಸಿಗಂದೂರಿಗೆ ಹೋಗುವ ರಸ್ತೆ ಬಿಟ್ಟು ಸ್ವಲ್ಪ ಒಳಗೆ, ಜಂಬಿಟ್ಟಿಗೆ ಕಲ್ಲು ಕಡಿದು ಬಿಟ್ಟಿದ್ದ ಹಳೆಯ ಕ್ವಾರಿಯಲ್ಲಿ ಒಂದು ಸಂಸಾರದವರು ಆಟದ ಪಾರ್ಕ್ ಮಾಡಿದ್ದರು. ಸೊಸೆ ಟಿಕೆಟ್ ಹರಿಯುತ್ತಿದ್ದಳು, ಮಗ ಎಲ್ಲರನ್ನೂ ಕೂರಿಸಿ ಬೆಲ್ಟ್ ಹಾಕುತ್ತಿದ್ದ, ಯಜಮಾನರು ತಗಡಿನ ಕೋಣೆಯಲ್ಲಿ ಕೂತು ಮೋಟರ್ ನೋಡಿಕೊಳ್ಳುತ್ತಿದ್ದರು. ಅತ್ತೆಯಮ್ಮ ಒಂದು ಮೂಲೆಯಲ್ಲಿ ಮಂಡಕ್ಕಿ ಕಲಸಿಕೊಡುತ್ತಿದ್ದರು. ಘಟ್ಟದ ಕೆಳಗೆ ಎಲ್ಲೋ ಮುಚ್ಚಿದ ಪಾರ್ಕಿನಿಂದ ತಂದ ರೋಲರ್‌ಕೋಸ್ಟರೇ ಅಲ್ಲಿನ ದೊಡ್ಡ ಆಟ. ಆರು ಡಬ್ಬಿ, ಒಂದೊಂದರಲ್ಲಿ ಇಬ್ಬರು. ಸರಪಳಿ ಅದನ್ನು ಎಳೆದು ಮೇಲಕ್ಕೆ ಒಯ್ಯುತ್ತಿತ್ತು, ಅಲ್ಲಿಂದ ಎರಡು ಸುತ್ತು ಹಾಕಿ ಕ್ವಾರಿಯ ಗುಂಡಿಗೆ ಧುಮುಕುತ್ತಿತ್ತು.

ನಿತ್ಯಾಳ ಜೊತೆ ನಾನು ಎರಡು ಸಲ ಹತ್ತಿದೆ. ಕಿರುಚಿದೆ, ನಕ್ಕೆ. ಅಷ್ಟು ನಕ್ಕು ಎಷ್ಟು ವರ್ಷವಾಗಿತ್ತೋ! ಕೆಳಗೆ ನಿಂತು ನೋಡುತ್ತಿದ್ದ ಅಣ್ಣನೂ ನಗುತ್ತಿದ್ದ. ಮಧ್ಯಾಹ್ನ ಊಟವಾದ ಮೇಲೆ ಮೂರನೇ ಸಲ ಹೊರಟಾಗ ನಿತ್ಯಾ ಅವನನ್ನೂ ಎಳೆದಳು. ಅವನು ನಮ್ಮ ಹಿಂದೆ ಸಾಲಿನಲ್ಲಿ ನಿಂತ. ನಾವಿಬ್ಬರು ನಾಲ್ಕನೇ ಡಬ್ಬಿಯಲ್ಲಿ ಕೂತೆವು. ಅವನು ಹಿಂದಿನದರಲ್ಲಿ ಕೂತಿರಬೇಕು ಎಂದುಕೊಂಡೆ. ತಿರುಗಿ ನೋಡಲಿಲ್ಲ.

ಡಬ್ಬಿಗಳು ಅರ್ಧ ಏರಿದಾಗ ಕರೆಂಟು ಹೋಯಿತು. ಸರಪಳಿ ಕಟಕ್ಕೆಂದು ನಿಂತಿತು. ಕೆಳಗಿನಿಂದ ಯಜಮಾನರ ಮಗ ಕೂಗಿದ, "ಯಾರೂ ಬೆಲ್ಟ್ ಬಿಚ್ಬೇಡಿ! ಎಂತಾ ಆಗಲ್ಲ, ಜನರೇಟರ್ ಹಾಕ್ತೀವಿ!" ನಾವು ಆಕಾಶಕ್ಕೆ ಮುಖ ಮಾಡಿ ಒರಗಿಕೊಂಡೇ ಇದ್ದೆವು. ಮುಂದಿನ ಡಬ್ಬಿಯಲ್ಲಿ ಯಾರೋ ತಮಾಷೆ ಮಾಡಿದರು.

ಆಗ ನನ್ನ ಕಿವಿಯ ಹಿಂದೆ ಅಣ್ಣ ಮಾತಾಡಿದ.

"ಅವ್ವ ನಿನ್ನ ಕೇಳಿದ್ಲು ಕಣೆ."

ಅಂಗಡಿಯಲ್ಲಿ ಗಿರಾಕಿಗೆ, ನಿಮ್ಮ ಅರ್ಜಿ ಇನ್ನೂ ಬಂದಿಲ್ಲ ಎನ್ನುವಾಗ ಅವನ ಧ್ವನಿ ಹೇಗಿರುತ್ತದೋ ಹಾಗೆಯೇ ಇತ್ತು. ಏರಿಲ್ಲ, ಇಳಿದಿಲ್ಲ. ಏನೆಂದು ಕೇಳಿದೆ. "ಮೂರು ದಿನನೂ ಕೇಳಿದ್ಲು. ಬಾಗಿಲ ಕಡೆ ಮುಖ ಮಾಡ್ಕೊಂಡೇ ಮಲಗಿದ್ಲು. ಫೋನ್ ಮಾಡಿದೀನಿ, ಅವಳಿಗೆ ರಜ ಸಿಗ್ಲಿಲ್ಲಂತೆ ಅಂತ ಹೇಳ್ದೆ. ಹೌದಾ, ಕೆಲಸ ಬಿಟ್ಟು ಬರೋದು ಬೇಡ ಅಂದ್ಲು."

ಬೆಲ್ಟಿನಿಂದ ತಿರುಗಲು ಆಗುತ್ತಿರಲಿಲ್ಲ. ಎದುರಿನ ಬಿಸಿಲನ್ನು ನೋಡುತ್ತಲೇ ಕೂಗಿದೆ, "ಅವ್ವನ ಹತ್ರ ನನ್ನ ಹೆಸರಲ್ಲಿ ಸುಳ್ಳು ಹೇಳಿದ್ಯಾ? ಸಾಯೋಳ ಹತ್ರ?" ಅಷ್ಟರಲ್ಲಿ ಜನರೇಟರ್ ಶಬ್ದ ಮಾಡಿತು, ಸರಪಳಿ ಎಳೆಯಿತು, ನಾವು ತುದಿಗೆ ಹೋಗಿ ಬಿದ್ದೆವು. ಆ ಸುತ್ತು ನನಗೆ ಒಂದಿಷ್ಟೂ ನೆನಪಿಲ್ಲ.

ನಿಂತ ಕೂಡಲೇ ನಿತ್ಯಾ ಕೇಳಿದಳು, "ಅತ್ತೆ, ಮೇಲೆ ಯಾರಿಗೆ ಬೈತಿದ್ರಿ?"

"ನಿಮ್ಮಪ್ಪಂಗೆ" ಎಂದು ತಿರುಗಿದೆ. ಹಿಂದಿನ ಡಬ್ಬಿ ಖಾಲಿಯಿತ್ತು. ಸೀಟಿಗೆ ಅಡ್ಡಲಾಗಿ ನೀಲಿ ನೈಲಾನ್ ಹಗ್ಗ ಕಟ್ಟಿತ್ತು. ಅದಕ್ಕೂ ಹಿಂದಿನ ಡಬ್ಬಿಯಲ್ಲಿ ಗುರುತಿಲ್ಲದ ಗಂಡ ಹೆಂಡತಿ ಕೂತಿದ್ದರು. ಬೆಲ್ಟ್ ಬಿಚ್ಚಲು ಬಂದ ಯಜಮಾನರ ಮಗನನ್ನು ಕೇಳಿದರೆ, "ಅದ್ರ ಬೆಲ್ಟ್ ಸರಿ ಇಲ್ಲ ಅಕ್ಕ, ನಿನ್ನೆಯಿಂದ ಯಾರನ್ನೂ ಕೂರ್ಸಿಲ್ಲ" ಎಂದ.

ಅಣ್ಣ ಬೇಲಿಯ ಆಚೆ ನಮ್ಮ ಚಪ್ಪಲಿ, ಬ್ಯಾಗು ಹಿಡಿದುಕೊಂಡು ನಿಂತಿದ್ದ. "ತಲೆ ತಿರುಗುತ್ತೆ ಅನ್ನಿಸ್ತು ಮಾರಾಯ್ತಿ, ಸಾಲಿಂದ ಆಚೆ ಬಂದೆ" ಎಂದು ನಕ್ಕ.

ಆಗ ನಾನು ಸುಮ್ಮನಿದ್ದಿದ್ದರೆ! ಭ್ರಮೆ ಎಂದುಕೊಂಡು ಚಪ್ಪಲಿ ಹಾಕಿಕೊಂಡು ಹೊರಟುಬಿಟ್ಟಿದ್ದರೆ ಇವತ್ತು ನನಗೆ ಅಣ್ಣ ಇರುತ್ತಿದ್ದ. ನಾನು ಕೇಳಿಯೇ ಬಿಟ್ಟೆ. "ನಂಗೆ ರಜ ಸಿಗ್ಲಿಲ್ಲ ಅಂತ ಅವ್ವಂಗೆ ಹೇಳಿದ್ಯಾ?"

ಅವನ ಕೈಯಿಂದ ನಿತ್ಯಾಳ ಚಪ್ಪಲಿ ಜಾರಿತು. ಸುಳ್ಳು ಎನ್ನಬಹುದಿತ್ತು. ಎಂತ ಹುಚ್ಚು ಮಾತು ಎಂದು ಗದರಬಹುದಿತ್ತು. ಅವನು ಕೇಳಿದ್ದು, "ಯಾರು ಹೇಳಿದ್ರು ನಿಂಗೆ? ಅಲ್ಲಿ ನಾನು ಅವ್ವ ಇಬ್ರೇ ಇದ್ದಿದ್ದು."

ಅದು ನಿಜ. ಅತ್ತಿಗೆ, ನಿತ್ಯಾ ಇಬ್ಬರೂ ಆ ವಾರ ಅತ್ತಿಗೆಯ ತವರಿನ ಮದುವೆಗೆ ಹೋಗಿದ್ದರು. ಹಿಂದಿನ ಸೀಟಿನಿಂದ ನಿನ್ನದೇ ಧ್ವನಿ ಹೇಳಿತು ಎಂದೆ, ಜನರ ಮುಂದೆ ಇನ್ನೂ ಏನೇನೋ ಅಂದೆ. ಅವನು ಎಲ್ಲ ಕೇಳಿಸಿಕೊಂಡು ಕೊನೆಗೆ, "ನಿನ್ನ ಕರೆದ್ರೆ ಅವನೂ ಬರ್ತಿದ್ದ" ಎಂದ. ನನ್ನ ಗಂಡ ಮನೆಯೊಳಗೆ ಕಾಲಿಡಬಾರದೆಂದು ಅವ್ವನನ್ನು ಬಾಗಿಲು ನೋಡುತ್ತಾ ಸಾಯಲು ಬಿಟ್ಟಿದ್ದ. ನಿತ್ಯಾ ಅಲ್ಲೇ ಬರಿಗಾಲಲ್ಲಿ ನಿಂತು ಕೇಳುತ್ತಿದ್ದಳು. ಹೊಸನಗರದವರೆಗೆ ಅವನ ಕಾರಿನಲ್ಲೇ ಬಂದೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ನಾನು ತೀರ್ಥಹಳ್ಳಿಯ ಬಸ್ಸು ಹತ್ತಿದೆ. ಆ ಹುಡುಗಿ ಈಗಲೂ ನನಗೆ ಮೆಸೇಜ್ ಮಾಡುತ್ತಾಳೆ. ಅಪ್ಪನ ಜೊತೆ ಬೇಕಾದಷ್ಟೇ ಮಾತಂತೆ.

ನನಗೆ ತಿಳಿದ ವಿವರಣೆಗಳನ್ನೆಲ್ಲ ಹಾಕಿ ನೋಡಿದ್ದೇನೆ. ಮನಸ್ಸಿನೊಳಗೆ ಅನುಮಾನವಿತ್ತು, ಹೆದರಿಕೆಯಲ್ಲಿ ಅದೇ ಧ್ವನಿಯಾಯಿತು ಎನ್ನೋಣ. ಆದರೆ ರಜದ ಮಾತು ಎಲ್ಲಿಂದ ಬಂತು? ಲ್ಯಾಬಿನ ಗೆಳತಿಯೊಬ್ಬಳು, "ನಿಮ್ಮವ್ವನೇ ಬಂದು ಹೇಳಿದ್ದು" ಎಂದಳು. ಅವ್ವನಾದರೆ ಅಣ್ಣನ ಧ್ವನಿಯಲ್ಲಿ ಯಾಕೆ ಬರಬೇಕು? ಅವ್ವನೇ ಬಂದಿದ್ದರೆ, ರಜದ ಮಾತು ಸುಳ್ಳೆಂದು ಅವಳಿಗೆ ತಿಳಿದಿದೆ ಎಂದಾಯಿತಲ್ಲ. ಹಾಗೆ ನಂಬಲು ನನಗೆ ಎಷ್ಟು ಆಸೆ ಎಂದು ಹೇಳಲಾರೆ. ಆಸೆಯಿದೆ ಎಂದು ರಿಪೋರ್ಟ್ ಬದಲಾಯಿಸಲು ಬರುವುದಿಲ್ಲ.

ಹೋದ ವರ್ಷ ಒಂದು ಸಂಜೆ ಅಣ್ಣನ ಫೋನ್ ಬಂತು. ಆರೋಗ್ಯವಾ ಎಂದೂ ಕೇಳಲಿಲ್ಲ, ತಪ್ಪಾಯಿತು ಎಂದೂ ಅನ್ನಲಿಲ್ಲ. "ಅವತ್ತು ನಿಂಗೆ ಕೇಳಿಸಿದ ಧ್ವನಿ... ಅದು ಅಳ್ತಿತ್ತಾ?" ಎಂದ.

"ಇಲ್ಲ" ಎಂದೆ. ಅದು ನಿಜವೇ ಆಗಿತ್ತು.

ಅವನು ಫೋನ್ ಇಟ್ಟ. ಅದನ್ನು ಯಾಕೆ ಕೇಳಿದ ಎಂಬುದೂ ನನಗೆ ಗೊತ್ತಿಲ್ಲ.