ಬೆಳಗ್ಗೆ ಮಾತ್ರ ಕೆಮ್ಮುತ್ತಿದ್ದ ಕಾರು

ಇವತ್ತು ಬೆಳಗ್ಗೆ ತಲೆಗೆ ಹಚ್ಚಿಕೊಳ್ಳೋಣವೆಂದು ಎಣ್ಣೆಯ ಬಾಟ್ಲಿ ಬಗ್ಗಿಸಿದರೆ ಒಂದು ತೊಟ್ಟೂ ಬೀಳಲಿಲ್ಲ. ಚಳಿಗೆ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ನಮ್ಮ ಕರಾವಳಿಯ ಚಳಿ ಅಂದರೆ ಇಷ್ಟೇ: ವರ್ಷದಲ್ಲಿ ಒಂದು ತಿಂಗಳು, ಅದೂ ಬಿಸಿಲೇರುವ ತನಕ, ತೆಂಗಿನೆಣ್ಣೆ ಹೆಪ್ಪುಗಟ್ಟುವಷ್ಟು. ಘಟ್ಟದ ಮೇಲಿನವರು ನಕ್ಕಾರು. ಆದರೆ ಆ ಬಿಳಿ ಬಾಟ್ಲಿ ಕಂಡರೆ ಈಗಲೂ ನನ್ನ ಕಣ್ಣು ಗಡಿಯಾರದ ಕಡೆ ಓಡುತ್ತದೆ. ರಿಟೈರ್ ಆಗಿ ಎಷ್ಟೋ ವರ್ಷವಾಯಿತು; ನನಗೀಗ ತಪ್ಪಿಹೋಗುವ ಬಸ್ಸೂ ಇಲ್ಲ, ಹೊಡೆಯುವ ಬೆಲ್ಲೂ ಇಲ್ಲ. ಆದರೂ ಕೂತಲ್ಲಿ ಕೂರಲಾಗುವುದಿಲ್ಲ.

ಈ ಚಡಪಡಿಕೆಗೆ ಕಾರಣ ಒಂದು ಕಾರು. ಸ್ವಲ್ಪ ಸುತ್ತುಬಳಸಿ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳಿಗೆ ನೆಟ್ಟಗೆ ವಿಷಯಕ್ಕೆ ಬರುವ ಅಭ್ಯಾಸವಿರುವುದಿಲ್ಲ.

ಅರವತ್ತರ ದಶಕದ ಆರಂಭ. ಮದುವೆಯಾಗಿ ತ್ರಾಸಿ ಎಂಬ ಕಡಲತಡಿಯ ಊರಿಗೆ ಬಂದ ಹೊಸತು. ಇವರು, ಅಂದರೆ ನನ್ನ ಗಂಡ (ನಮ್ಮ ಕಾಲದವರು ಹೆಸರು ಹೇಳುವುದಿಲ್ಲ, ಈ ವಯಸ್ಸಿನಲ್ಲಿ ಕಲಿಯುವ ಆಸೆಯೂ ಇಲ್ಲ), ಬೊಂಬಾಯಿಯಲ್ಲಿ ಅಣ್ಣಂದಿರ ಹೋಟೆಲಿನಲ್ಲಿ ಕೂತು ಕೂತು ಬೇಸತ್ತು ಊರಿಗೆ ಮರಳಿದವರು. ಬೇರೆಯವರು ಬರುವಾಗ ಟ್ರಂಕು, ರೇಡಿಯೋ ತಂದರೆ ಇವರು ತಂದದ್ದು ಕೆಂಪು ಬಣ್ಣದ ಒಂದು ವಿಲಾಯತಿ ಕಾರು. ಎರಡೇ ಸೀಟು, ಮೇಲೆ ಹೊದಿಕೆ ಇದ್ದೂ ಇಲ್ಲದ ಹಾಗೆ. ಹೋಟೆಲಿಗೆ ದಿನಾ ಚಹಾಕ್ಕೆ ಬರುತ್ತಿದ್ದ ಪಾರ್ಸಿ ಮುದುಕರೊಬ್ಬರು ಹಿಂದೆ ಅದನ್ನು ರೇಸಿನಲ್ಲಿ ಓಡಿಸುತ್ತಿದ್ದರಂತೆ. ಸೀರೆ ಉಟ್ಟು ಅದರಲ್ಲಿ ಕೂರುವುದೆಂದರೆ ಮಣೆಯ ಮೇಲೆ ಊಟಕ್ಕೆ ಕೂತ ಹಾಗೆ, ಅಷ್ಟು ಕೆಳಗೆ. ನನ್ನತ್ತೆ ಅದಕ್ಕೆ ಒಂದು ಸುತ್ತು ಬಂದು, "ಇದ್ರಗೆ ಒಂದ್ ಮುಡಿ ಅಕ್ಕಿ ಹೇರುಕಾತ್ತಾ?" ಎಂದು ಕೇಳಿದ್ದರು.

ಆ ವರ್ಷವೇ ನನಗೆ ಕಿರಿಮಂಜೇಶ್ವರದ ಕಡೆ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಖಾಯಂ ಅಲ್ಲ, ತಾತ್ಕಾಲಿಕ. ನಮ್ಮ ಮನೆತನದಲ್ಲಿ ಹೊರಗೆ ದುಡಿಯಲು ಹೋದ ಮೊದಲ ಹೆಂಗಸು ನಾನು. ಆ ಕೆಲಸ ಕೈತಪ್ಪಿದರೆ ಇನ್ನೊಂದಕ್ಕೆ ಮನೆಯವರು ಒಪ್ಪುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಬೆಳಗ್ಗೆ ಏಳೂವರೆಗೆ ಒಂದು ಬಸ್ಸು. ಅದು ಹೋದರೆ ಮತ್ತೆ ಹತ್ತರ ಮೇಲೆ. "ಬಸ್ಸಿಗ್ ಎಂತಕೆ? ಕಾರಿತ್ತಲೆ, ನಾನ್ ಬಿಡ್ತೆ" ಎಂದರು ಇವರು. ನನಗೂ ಆಸೆಯಿಲ್ಲದೆ ಇರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ದೀಪಾವಳಿಯ ತನಕ ಎಲ್ಲ ಸುಸೂತ್ರ. ಡಿಸೆಂಬರು ಬಂತು ನೋಡಿ, ಕಾರಿಗೆ ರೋಗ ಹಿಡಿಯಿತು. ಬೆಳಗ್ಗೆ ಸ್ಟಾರ್ಟೇನೋ ಆಗುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಎರಡು ಸಲ ಕೆಮ್ಮಿ ಸತ್ತುಬೀಳುತ್ತಿತ್ತು. ಅಷ್ಟು ಹೊತ್ತಿಗೆ ಬಸ್ಸು ಹೋಗಿರುತ್ತಿತ್ತು. ನಾನು ಟಿಫಿನ್ ಡಬ್ಬಿ ಹಿಡಿದು ಅಂಗಳದಲ್ಲಿ ಆಚೆಯಿಂದ ಈಚೆಗೆ ನಡೆಯುತ್ತಿದ್ದೆ. ಬಿಸಿಲು ಬಾನೆಟ್ಟಿಗೆ ಬಿದ್ದು ಸ್ವಲ್ಪ ಹೊತ್ತಾದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು. ಸಂಜೆಯಂತೂ ಕೇಳುವುದೇ ಬೇಡ. ಇವರು ಏನೋ ಒಂದನ್ನು ಬಿಚ್ಚಿ ಜೋಡಿಸಿ, ಪರೀಕ್ಷೆಗೆಂದು ನನ್ನನ್ನು ಕೂರಿಸಿಕೊಂಡು ಮರವಂತೆಯ ತನಕ ಹೋಗುತ್ತಿದ್ದರು. ಒಂದು ಬದಿ ಕಡಲು, ಒಂದು ಬದಿ ಹೊಳೆ, ನಡುವೆ ಕಾರು ಹಾರಿದಂತೆ ಓಡುತ್ತಿತ್ತು. "ಕಂಡ್ಯಾ, ಸಮ ಆಯ್ತ್" ಎನ್ನುತ್ತಿದ್ದರು. ನಾನು ನಂಬುತ್ತಿದ್ದೆ. ಮರುದಿನ ಬೆಳಗ್ಗೆ ಮತ್ತೆ ಕೆಮ್ಮು.

ಬ್ರಹ್ಮಾವರದಲ್ಲಿ ವಾಸು ಎಂಬ ಲಾರಿ ಮೆಕ್ಯಾನಿಕ್ ಇದ್ದ. ಅವನಿಗೆ ಹೇಳಿಕಳಿಸಿದರು. ಅವನು ಬಸ್ಸು ಬದಲಿಸಿ, ಹೊಳೆಗಳನ್ನೆಲ್ಲ ದಾಟಿ ಬರುವಾಗ ಹನ್ನೊಂದು ಗಂಟೆ. ಸ್ಟಾರ್ಟ್ ಮಾಡಿ ನೋಡಿ, "ಕಾರಿಗೆ ಎಂತ ಆಯ್ತ್? ಲಾಯ್ಕ್ ಇತ್ತಲೆ" ಎಂದ. ಬಂದದ್ದಕ್ಕೆ ಏನಾದರೂ ಮಾಡಬೇಕಲ್ಲ. ಬ್ಯಾಟರಿಯ ಪ್ಲಸ್ ತಂತಿಯನ್ನು ಕಾರಿನ ಮೈಗೆ ಬಿಗಿದದ್ದು ಅವನ ಕಣ್ಣಿಗೆ ಬಿತ್ತು. ಆ ಕಾಲದ ವಿಲಾಯತಿ ಕಾರುಗಳಲ್ಲಿ ಅದೇ ಕ್ರಮ. ಲಾರಿ ನೋಡಿ ಬೆಳೆದವನಿಗೆ ಅದು ಬೊಂಬಾಯಿಯವರ ಅವಾಂತರವಾಗಿ ಕಂಡಿತು, ತಿರುಗಿಸಿ ಕಟ್ಟಿದ. ಕರೆಂಟು ತೋರಿಸುವ ಮೀಟರಿನ ಮುಳ್ಳು ಹಿಂದಕ್ಕೆ ಓಡಿತು. ಇವರು ಕೂಗಾಡಿ ಮತ್ತೆ ಮೊದಲಿನಂತೆ ಮಾಡಿಸಿದರು. ಆಮೇಲೆ ಪ್ಲಗ್ಗು ಉಜ್ಜಿದ್ದಾಯಿತು, ಕಡಲಿನ ಉಪ್ಪುಗಾಳಿಗೆ ತುಕ್ಕು ಹಿಡಿದ, ಕರೆಂಟನ್ನು ಕಾರಿನ ಮೈಗೆ ಸೇರಿಸುವ ಅರ್ಥಿಂಗ್ ಪಟ್ಟಿ ಕೆರೆದದ್ದಾಯಿತು. ಹೋಗುವಾಗ ವಾಸು ಒಂದು ಒಳ್ಳೆಯ ಮಾತು ಹೇಳಿದ್ದ: "ಒಂದ್ ಸಲಕ್ಕೆ ಒಂದೇ ಬಿಚ್ಚ್ಕ್ ಮರಾಯ್ರೆ. ಐದ್ ಬಿಚ್ರೆ ಯಾವ್ದ್ರಿಂದ ಸಮ ಆಯ್ತ್ ಅಂದೇಳಿ ಗೊತ್ತಾಪ್ದ್ ಹ್ಯಾಂಗೆ?" ಇವರ ಕೈ ಸುಮ್ಮನಿರುವ ಕೈಯಲ್ಲ. ಐದಲ್ಲ, ಏಳು ಬಿಚ್ಚುತ್ತಿದ್ದರು.

ಹೆಚ್ಚಿನ ದಿನ ಹೇಗೋ ಬೆಲ್ಲಿನ ಹೊತ್ತಿಗೆ ಮುಟ್ಟುತ್ತಿದ್ದೆ. ಎರಡನೆಯ ಸಲ ತಡವಾದಾಗ ಹೆಡ್‌ಮಾಸ್ಟರು ಕರೆದು, "ಇನ್ನೊಂದು ಸಲ ಬೆಲ್ ಆದ್ಮೇಲೆ ಬಂದ್ರೆ ನಾನು ಮೇಲಿನವ್ರಿಗೆ ಬರೀಲೇಬೇಕಾತ್ತ್, ಟೀಚರ್" ಎಂದರು. ಒಳ್ಳೆಯ ಮನುಷ್ಯ, ತಲೆ ತಗ್ಗಿಸಿಯೇ ಹೇಳಿದರು. ನಾನು ಮನೆಗೆ ಬಂದು ಚೀಲವನ್ನೂ ಕೆಳಗಿಡದೆ ಇವರೆದುರು ನಿಂತೆ.

"ನಿಮ್ಗೆ ಕಾರ್ ಬೇಕಾ, ನಾನ್ ಕೆಲ್ಸಕ್ ಹೋಪ್ದ್ ಬೇಕಾ? ಎರ್ಡ್ರಗೆ ಒಂದ್ ಹೇಳಿ."

ಇವರು ಕೈಗೆ ಹತ್ತಿದ ಗ್ರೀಸನ್ನು ಒರೆಸಿಕೊಂಡು, "ಆಯ್ತ್, ಕೊಡುವ" ಎಂದರು. ಶಿರೂರಿನ ವ್ಯಾಪಾರಿಯೊಬ್ಬರಿಗೆ ಆ ಕಾರಿನ ಮೇಲೆ ಮೊದಲಿನಿಂದ ಕಣ್ಣಿತ್ತು. ಎರಡು ದಿನ ಬಿಟ್ಟು ಬಂದು ಒಯ್ಯುವುದೆಂದು ಮಾತಾಯಿತು. ನಾನು ಮರುದಿನದಿಂದ ಬಸ್ಸು ಹಿಡಿದೆ.

ಮೂರನೆಯ ದಿನ ಬಸ್ಸೇ ಬರಲಿಲ್ಲ. ರಸ್ತೆಯಲ್ಲಿ ಕಾದು ಕಾದು ಮನೆಗೆ ಓಡಿಬಂದೆ. ಇವರು ಹೋಗಿ ಕಾರು ಸ್ಟಾರ್ಟ್ ಮಾಡಿದರು. ಕೆಮ್ಮಿತು, ನಿಂತಿತು. ನನಗೆ ಅಳು ಬಂತು. ನೀರು ಕುಡಿಯಲು ಒಳಗೆ ಹೋದರೆ, ಅತ್ತೆ ಒಲೆಯ ಮುಂದೆ ಕೂತು ನನ್ನದೇ ಎಣ್ಣೆ ಬಾಟ್ಲಿಯನ್ನು ಬೆಂಕಿಗೆ ಹಿಡಿದಿದ್ದರು, ಕರಗಿಸಲು. ದಾಸವಾಳದ ಎಲೆ, ಮೆಂತೆ ಹಾಕಿ ನಾನೇ ಕಾಸಿದ ಎಣ್ಣೆ. ಅಂಗಳದಲ್ಲಿ ಕಾರು ಇನ್ನೊಂದು ಸಲ ಕೆಮ್ಮಿತು. ನಾನು ಬಾಟ್ಲಿಯನ್ನೇ ನೋಡುತ್ತ ನಿಂತೆ.

ದೀಪಾವಳಿಯ ಹೊತ್ತಿಗೆ ಇವರು ಬಾನೆಟ್ಟಿನೊಳಗೆ ತಲೆ ಹಾಕಿ, "ತೆಳು ಎಣ್ಣಿ ಇತ್ತಾ?" ಎಂದು ಕೂಗಿದ್ದರು. ಹೊಲಿಗೆ ಯಂತ್ರದ ಎಣ್ಣೆ ಮುಗಿದಿತ್ತು. ನಮ್ಮ ಕಡೆ ಕತ್ತರಿಯಿಂದ ಹಿಡಿದು ಬಾಗಿಲಿನ ಚಿಲಕದ ತನಕ ಎಲ್ಲದಕ್ಕೂ ತೆಂಗಿನೆಣ್ಣೆಯೇ ತಾನೆ. ನಾನು ಈ ಬಾಟ್ಲಿ ಕೊಟ್ಟಿದ್ದೆ. ಇವರು, ಎಂಜಿನ್ನಿಗೆ ಗಾಳಿ, ಪೆಟ್ರೋಲು ಬೆರೆಸಿ ಕೊಡುವ ಕಾರ್ಬ್ಯುರೇಟರಿನ ತಲೆಯ ಮೇಲಿನ ಪುಟ್ಟ ಮುಚ್ಚಳ ತಿರುಗಿಸಿ, ಯಾವ ಎಣ್ಣೆಯೆಂದು ನೋಡದೆಯೇ ಹೊಯ್ದಿದ್ದರು. ಇವರೇ ಒಮ್ಮೆ ತೋರಿಸಿದ್ದ ಹಾಗೆ, ಅಲ್ಲಿ ಎಣ್ಣೆಯೊಳಗೆ ಒಂದು ದಂಡ ಮೇಲೆ ಕೆಳಗೆ ಆಡಬೇಕು. ಎಣ್ಣೆ ಗಟ್ಟಿಯಾದರೆ ದಂಡ ಆಡದು, ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ಇಷ್ಟು ದಿನ ನಾವು ಕರೆಂಟಿನಲ್ಲಿ ಹುಡುಕುತ್ತಿದ್ದದ್ದು ನನ್ನ ತಲೆಯ ಎಣ್ಣೆಯಲ್ಲಿತ್ತು.

ಬಿಸಿನೀರಿನಲ್ಲಿ ಮೈ ಒರೆಸುವ ಬೈರಾಸ ಅದ್ದಿ ಹೊರಗೆ ಓಡಿದೆ. ಅದನ್ನು ಆ ಮುಚ್ಚಳದ ಸುತ್ತ ಸುತ್ತಿದೆ.

"ಹ್ವಾಯ್, ಎಂತ ಮಾಡ್ತೆ ನೀನ್?"

"ಚಳಿ ಹಿಡ್ದಿತ್ತ್ ಕಾಣತ್ತ್. ಈಗ ಒತ್ತಿ ಕಾಣಿ."

ಒತ್ತಿದರು. ಕಾರು ಗರ್ಜಿಸಿತು. ಆ ದಿನ ಇವರು ಓಡಿಸಿದ ಹಾಗೆ ಮತ್ತೆ ಯಾರೂ ನನ್ನನ್ನು ಕೂರಿಸಿಕೊಂಡು ಓಡಿಸಿಲ್ಲ. ಬೆಲ್ ಹೊಡೆಯುವ ಮೊದಲೇ ಶಾಲೆಯ ಗೇಟಿನಲ್ಲಿದ್ದೆ. ದಾರಿಯುದ್ದಕ್ಕೂ ಬಾಯಿಯ ತುದಿಗೆ ಮಾತು ಬಂದಿತ್ತು: ಎಣ್ಣೆ ಕೊಟ್ಟವಳು ನಾನು, ಕಾರು ಮಾರಬೇಡಿ. ಅಷ್ಟು ಜಗಳವಾಡಿದವಳು ಹೇಗೆ ಹೇಳಲಿ? ಸಂಜೆ ಹೇಳಿದರಾಯಿತು ಎಂದುಕೊಂಡೆ. ಸಂಜೆ ಬರುವಾಗ ಅಂಗಳದಲ್ಲಿ ಆಯಿಲಿನ ಕಲೆ ಮಾತ್ರ ಇತ್ತು.

ಮುಂದೆ ಕೆಲಸ ಖಾಯಮಾಯಿತು. ಸ್ಟಾಫ್ ರೂಮಿನಲ್ಲಿ, ಮದುವೆ ಮನೆಗಳಲ್ಲಿ ನಾನು ಆ ಕಾರಿನ ಕಥೆ ಹೇಳಿ ಎಷ್ಟು ನಗಿಸಿದ್ದೇನೋ ಲೆಕ್ಕವಿಲ್ಲ. ಏಳು ಕಡೆ ಬಿಚ್ಚುವ ಗಂಡ, ಬೆಳಗ್ಗೆ ಕೆಮ್ಮುವ ಕಾರು. ಎಣ್ಣೆಯ ವಿಷಯವನ್ನು ಮಾತ್ರ ಬಿಡುತ್ತಿದ್ದೆ. ಇವರೂ ಪಕ್ಕದಲ್ಲಿ ಕೂತು ಎಲ್ಲರ ಜೊತೆ ನಗುತ್ತಿದ್ದರು.

ಇವತ್ತು ಏನಾಯಿತೋ, ಗಟ್ಟಿಯಾದ ಬಾಟ್ಲಿ ಹಿಡಿದು ಇವರ ಮುಂದೆ ಹೋಗಿ ಎಲ್ಲ ಹೇಳಿಬಿಟ್ಟೆ. ಇವರು ಪೇಪರು ಮಡಚಿದರು.

"ಗೊತ್ತಿತ್ತ್. ಅವತ್ತ್ ನಿನ್ನ ಬಿಟ್ಟ್ ಬಂದ್ ಆ ಮುಚ್ಚಳ ತೆಗ್ದ್ ಮೂಸಿ ಕಂಡೆ. ನಿನ್ ತಲಿ ಪರಿಮಳ ಬಂತ್."

"ಮತ್ತೆ ಎಂತಕೆ ಕೊಟ್ರಿ? ಸಮ ಆಯಿತ್ತಲೆ?"

"ಇಟ್ಕಂಡ್ರೆ, ನಿನ್ ಎಣ್ಣಿಂದ ಆದ್ದ್ ಅಂದೇಳಿ ನಿಂಗೆ ಹೇಳ್ಕಾತಿತ್ತಲೆ. ನಿಂಗೆ ಬೇಜಾರಾತಿತ್ತ್" ಎಂದರು.

ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಇವರೆದುರೇ ಆ ಕಥೆ ಹೇಳಿ ನಗಿಸಿದ್ದೆನಲ್ಲ. ಕಿಟಕಿಯ ತನಕ ಹೋಗಿ ಬಂದೆ, ಮತ್ತೆ ಹೋಗಿ ಬಂದೆ. ಇವರು ಕೈಚಾಚಿ, "ಇತ್ಲಾಯ್ ಕೊಡ್" ಎಂದು ಬಾಟ್ಲಿ ತೆಗೆದುಕೊಂಡು ಎರಡು ಅಂಗೈಗಳ ನಡುವೆ ಉಜ್ಜತೊಡಗಿದರು. ಬಿಸಿಲಿಗಿಟ್ಟರೆ ಬೇಗ ಕರಗುತ್ತಿತ್ತು. ನಾನು ಹೇಳಲಿಲ್ಲ. ಜಡೆ ಬಿಚ್ಚಿಕೊಂಡು ಅವರ ಪಕ್ಕ ಕೂತೆ, ಗಡಿಯಾರ ನೋಡದೆ.