ಐದರ ಎಲೆಯ ಅಂದಾನಯ್ಯ

ಬೆಳ್ಳೂರಿನ ಚಿಕ್ಕಸಿದ್ದಯ್ಯನವರ ಹಿರಿಯ ಮಗ ಅಂದಾನಯ್ಯನವರು ತೀರಿಕೊಂಡಾಗ ಅವರಿಗೆ ಅರವತ್ತೆಂಟು ವರ್ಷ; ಹೆಂಡತಿ ಸಿದ್ದಲಿಂಗಮ್ಮ, ಮದುವೆಯಾಗಿ ಹೋದ ಇಬ್ಬರು ಹೆಣ್ಣುಮಕ್ಕಳು. ಸಂತೆಯ ದಿನ ಹುಣಸೆಮರದ ಕೆಳಗೆ ಚಾಪೆ ಹಾಸಿ, ಇಸ್ಪೀಟೆಲೆಗಳನ್ನು ಕಲಸಿ, ಒಂದನ್ನು ತಾವೇ ಎಳೆದು ಭವಿಷ್ಯ ಹೇಳುತ್ತಿದ್ದರು. ಅವರ ಗಾಂಭೀರ್ಯಕ್ಕೆ ಮರದ ಮೇಲಿನ ಕಾಗೆಗಳೂ ಸುಮ್ಮನಾಗುತ್ತಿದ್ದವು. ಐದರ ಎಲೆಯೆಂದರೆ ಜನಕ್ಕೆ ನಡುಕ: ಆಟೀನು ಐದು ಕಣ್ಣೀರು, ಡೈಮನ್ನು ಐದು ಬರಿಗೈ, ಕಳಾವರು ಐದು ಜಗಳ, ಇಸ್ಪೀಟು ಐದು ಸೋಲು. ಅಳುತ್ತ ಬಂದವರಿಗೆ ಅದೇಕೋ ಐದೇ ಬರುತ್ತಿತ್ತು. ಮಗುವಿನ ಜ್ವರಕ್ಕೆ ತಾಯತ ಕಟ್ಟಿಸಿ ಸೋತು, ಆಸ್ಪತ್ರೆಗೆ ಹೆದರಿ ಕೂತಿದ್ದ ದ್ಯಾವಮ್ಮನಿಗೂ ಇಸ್ಪೀಟು ಐದು ಬಂತು. “ಮುಗೀತಾ ಸಾಮಿ?” ಎಂದಳು. “ಹತ್ತು ಅಂದ್ರೆ ಪೂರ್ತಿ, ಐದು ಅಂದ್ರೆ ಅರ್ಧ ಕಣವ್ವ. ಅರ್ಧ ಕಷ್ಟ ಆಗ್ಲೇ ದಾಟ್ಬುಟ್ಟಿದ್ದೀಯ. ಇನ್ನರ್ಧಕ್ಕೆ ಡಾಕ್ಟ್ರು ಅವ್ರೆ, ನಾಗಮಂಗಲದ ಬಸ್ಸು ಬತ್ತಾ ಅದೆ, ಏಳು.” ಮುಂದಿನ ಸಂತೆಗೆ ಆ ಮಗು ತಾಯಿಯ ಕಂಕುಳಲ್ಲಿ ಕಡಲೆಪುರಿ ಮೇಯುತ್ತ ಬಂದಾಗ, ಶಕುನ ನಂಬದೆ ಪಕ್ಕದಲ್ಲಿ ಕೂತು ನೋಡುತ್ತಿದ್ದ ನನಗೂ ಎದೆಯ ಭಾರ ಇಳಿಯಿತು. “ಒಳ್ಳೆ ಎಲೆ ಬಂದಿದ್ರೆ ಆ ತಾಯಿ ಅಷ್ಟು ಹೆದರ್ತಿರ್ಲಿಲ್ಲ” ಎಂದು ಸಿದ್ದಲಿಂಗಮ್ಮ ಚುಚ್ಚಿದರೆ, “ಅಳೋರು ಒಳ್ಳೇದ ನಂಬಾಕಿಲ್ಲ ಕಣೆ” ಎಂದರು. ಅವರು ಬಿಟ್ಟುಹೋದದ್ದು: ಒಂದು ಚಾಪೆ, ಹಿಡಿ ಸಡಿಲವಾದ ಕೊಡೆ, ಒಂದು ಎಮ್ಮೆ, ಸಂತೆಯ ದಿನ ಇಂದಿಗೂ ಆ ಮರದ ಕಡೆ ನೋಡಿ ಕೈಮುಗಿಯುವ ದ್ಯಾವಮ್ಮ, ಮತ್ತು ಒಂದು ಕಟ್ಟು ಇಸ್ಪೀಟೆಲೆ, ಅದರಲ್ಲಿ ನಾಲ್ಕು ಐದುಗಳ ಮೂಲೆಗಳನ್ನು ಮಾತ್ರ, ನೋಡದೆಯೂ ಬೆರಳಿಗೆ ತಿಳಿಯುವಂತೆ, ಉಗುರಿನಿಂದ ಚಿವುಟಿ ಗುರುತು ಮಾಡಿತ್ತು.