ಚುಕ್ಕಿಗಳ ಲೆಕ್ಕ ಕೇಳಿದ ಖಮರ್ ಮೇಡಂ

ಪಾಠ ಶುರುವಾಗುವ ಮುಂಚೆ ಖಮರ್ ಮೇಡಂ ನಮ್ಮ ಮೌಸ್ ಕಿತ್ತುಕೊಂಡು ತಮ್ಮ ವ್ಯಾನಿಟಿ ಬ್ಯಾಗಿಗೆ ಹಾಕಿ ಜಿಪ್ ಎಳೆದುಬಿಡುತ್ತಿದ್ದರು. ಪಿಎಚ್.ಡಿ. ಮಾಡುವವರಿಗೂ ಅಷ್ಟೇ, ಕಾಲೇಜಿನಲ್ಲಿ ಪಾಠ ಹೇಳುವವರಿಗೂ ಅಷ್ಟೇ. "ಮೌಸ್ ಇದ್ರೆ ಕೈ ಓಡುತ್ತೆ, ತಲೆ ಓಡಲ್ಲ. ಏನ್ ಮಾಡ್ತೀಯ ಅಂತ ಮೊದ್ಲು ಬಾಯಲ್ಲಿ ಹೇಳು. ಆಮೇಲೆ ಟೈಪ್ ಮಾಡು" ಎನ್ನುವರು. ಕಮಾಂಡ್ ಟೈಪ್ ಮಾಡಿದರೆ ಮಾಡಿದ್ದಕ್ಕೆ ಗುರುತು ಉಳಿಯುತ್ತದೆ, ಕ್ಲಿಕ್ ಮಾಡಿದ್ದು ಗಾಳಿಗೆ ಹೋಗುತ್ತದೆ ಎಂಬುದು ಅವರ ವಾದ.

ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದ ಮೇಲೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಒಂದು ಝೆರಾಕ್ಸ್ ಅಂಗಡಿಯ ಮಹಡಿಯ ಮೇಲೆ ಅವರದೊಂದು ಕೋಣೆ ಇತ್ತು. ನಮ್ಮಂಥ ಸಂಶೋಧಕರು ಸರ್ವೆ ಮುಗಿಸಿ, ಮುಂದೇನು ಎಂದು ತೋಚದೆ ಅಲ್ಲಿಗೆ ಹತ್ತುತ್ತಿದ್ದೆವು. ಸಣಕಲು ದೇಹ, ಕಾಟನ್ ಸೀರೆ, ಕೊರಳಿಗೆ ದಾರದಲ್ಲಿ ನೇತುಬಿದ್ದ ಕನ್ನಡಕ, ಮೇಜಿನ ಮೇಲೆ ಸದಾ ಒಂದು ಡಬ್ಬಿ ಹುರಿಗಡಲೆ. ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಾದ್ದರಿಂದ ಮನೆಯ ದಖನಿ ಉರ್ದು, ಊರಿನ ಕನ್ನಡ, ಪಕ್ಕದ ಮನೆಯ ತಮಿಳು ಮೂರೂ ನಾಲಿಗೆಯ ಮೇಲಿದ್ದವು. ನಮ್ಮನ್ನು ಕನ್ನಡದಲ್ಲಿ ಬೈಯುತ್ತಿದ್ದರು, ಕಂಪ್ಯೂಟರ್ ಕೈಕೊಟ್ಟರೆ ಅದನ್ನು ತಮಿಳಿನಲ್ಲಿ. ಅದಕ್ಕೆ ಕನ್ನಡ ನಾಟುವುದಿಲ್ಲವಂತೆ.

ನಾನು ಕುಂಸಿಯವಳು. ಭದ್ರಾವತಿಯ ಹೆಂಗಸರಿಗೆ ಕಷ್ಟಕಾಲದಲ್ಲಿ ಯಾರು ಆಸರೆಯಾಗುತ್ತಾರೆ ಎಂಬುದು ನನ್ನ ಪ್ರಬಂಧದ ವಿಷಯ. ಗಂಡನಿಂದ, ಮಕ್ಕಳಿಂದ, ತವರಿನಿಂದ, ನೆರೆಹೊರೆಯಿಂದ ಎಷ್ಟು ಸಹಾಯ ಸಿಗುತ್ತದೆ ಎಂದು ಮನೆಮನೆಗೆ ಹೋಗಿ ಕೇಳಿದ್ದೆ. ಸ್ವಲ್ಪವೂ ಇಲ್ಲವೆಂದರೆ ಸೊನ್ನೆ, ತುಂಬಾ ಇದೆ ಎಂದರೆ ನಾಲ್ಕು. ಈ ಉತ್ತರಗಳನ್ನೆಲ್ಲ ಕೂಡಿ 'ಆಸರೆ' ಎಂಬ ಒಂದು ಹೊಸ ಕಾಲಂ ಮಾಡಿದ್ದೆ. ಸರಾಸರಿ ಚೆನ್ನಾಗಿಯೇ ಬಂದಿತ್ತು. ಗೈಡ್ ಬೆನ್ನು ತಟ್ಟಿದ್ದರು. ತಿಂಗಳ ಕೊನೆಗೆ ನನ್ನ ನೋಂದಣಿಯ ಅವಧಿ ಮುಗಿಯುತ್ತಿತ್ತು. ಅಷ್ಟರೊಳಗೆ ಪ್ರಬಂಧ ಸಲ್ಲಿಸದಿದ್ದರೆ ವರ್ಷಗಳ ದುಡಿಮೆ ಮಣ್ಣುಪಾಲು. ಸುಮ್ಮನೆ ಒಮ್ಮೆ ಕಣ್ಣಾಡಿಸಲಿ ಎಂದು ಮೇಡಂ ಮುಂದೆ ಲ್ಯಾಪ್‌ಟಾಪ್ ಇಟ್ಟೆ.

"ಇದೇನು ಇಷ್ಟೊಂದು ಚುಕ್ಕಿ?" ಎಂದರು, ಆಸರೆಯ ಕಾಲಂ ಮೇಲೆ ಬೆರಳಿಟ್ಟು.

"ಯಾವ್ದಾದ್ರೂ ಉತ್ತರ ಖಾಲಿ ಇರೋರು ಮೇಡಂ. ಪ್ಲಸ್ ಹಾಕಿ ಕೂಡಿದ್ರೆ ಅಂಥೋರಿಗೆ ಸಾಫ್ಟ್‌ವೇರ್ ಮೊತ್ತ ಕೊಡಲ್ಲ. ಚುಕ್ಕಿ ಇಟ್ಟು, ಸರಾಸರೀಲೂ ಅವ್ರನ್ನ ಬಿಟ್ಟುಬಿಡುತ್ತೆ."

"ಅದು ಬಿಡುತ್ತೆ ಮಾರಾಯ್ತಿ, ನೀನ್ಯಾಕೆ ಬಿಟ್ಟೆ? ಯಾರಿವ್ರು?"

ನೋಡಿದರೆ, ಹೆಚ್ಚಿನವರಿಗೆ ಖಾಲಿ ಇದ್ದದ್ದು ಗಂಡನ ಪ್ರಶ್ನೆಯೇ. ಮೇಡಂ ಕನ್ನಡಕ ತೆಗೆದು ನನ್ನನ್ನು ದಿಟ್ಟಿಸಿದರು. "ಅಂದ್ರೆ ನಿನ್ನ ಭದ್ರಾವತೀಲಿ ಒಬ್ಳೂ ವಿಧವೆ ಇಲ್ಲ. ಗಂಡ ಬಿಟ್ಟೋದೋಳೂ ಇಲ್ಲ. ಎಲ್ಲಾರೂ ಸುಖವಾಗಿದಾರೆ. ನಾನು ಹುಟ್ಟಿದ ಊರು ಇದಲ್ಲ ಬಿಡು."

"ಹಾಗಾದ್ರೆ ಖಾಲಿ ಇರೋ ಕಡೆ ಸೊನ್ನೆ ಹಾಕಿ ಕೂಡ್ಲಾ ಮೇಡಂ?"

"ಸೊನ್ನೆ ಅಂದ್ರೆ ಗಂಡ ಇದಾನೆ, ಕುಡಿದ ಲೋಟ ಎತ್ತಿಡಲ್ಲ ಅಂತ. ಗಂಡನೇ ಇಲ್ಲ ಅನ್ನೋದು ಬೇರೆ. ಇದ್ದೂ ಬಾಯಿಬಿಡೋಕೆ ಹೆದರಿದ್ಲು ಅನ್ನೋದು ಇನ್ನೊಂದು. ಮೂರನ್ನೂ ಒಂದೇ ಪಾತ್ರೆಗೆ ಸುರೀತೀಯ?"

ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಗೈಡ್ ಒಪ್ಪಿದ್ದಾರೆ, ತಿಂಗಳ ಕೊನೆಗೆ ಕೊಡಲೇಬೇಕು ಎಂದು ದನಿ ಏರಿಸಿದೆ. ಮೇಡಂ ನಾಲ್ಕು ಹುರಿಗಡಲೆ ಬಾಯಿಗೆ ಹಾಕಿಕೊಂಡರು. "ಕೊಡು. ನಾನೆಲ್ಲಿ ಬೇಡ ಅಂದೆ? ನಾಳೆ ಬೆಳಗ್ಗೆ ಸ್ಕೂಟಿ ತಗೊಂಡು ಬಾ. ಚುಕ್ಕಿ ಬಿದ್ದ ಮನೆಗೆಲ್ಲ ಇನ್ನೊಂದ್ಸಲ ಹೋಗೋಣ. ನಾನೂ ಬರ್ತೀನಿ."

ಮಂಡಿನೋವಿನ ಮೇಡಂ ಸ್ಕೂಟಿಯ ಹಿಂದಿನ ಸೀಟಿನಲ್ಲಿ ಅಡ್ಡಡ್ಡ ಕೂತು, ಕೊಡೆಯಿಂದ ನನ್ನ ಬೆನ್ನಿಗೆ ಚುಚ್ಚುತ್ತಾ, ಭದ್ರಾವತಿ ದಾರಿಯ ಮಲವಗೊಪ್ಪ ದಾಟುವವರೆಗೂ "ನಿಧಾನ, ನಿಧಾನ" ಎನ್ನುತ್ತಲೇ ಇದ್ದರು. ಆಮೇಲಿನ ದಿನಗಳಲ್ಲಿ ಅದೇ ನಮ್ಮ ದಿನಚರಿಯಾಯಿತು.

ಮೊದಲ ಮನೆಯ ಸರೋಜಮ್ಮ ನನ್ನನ್ನು ಕಂಡ ಕೂಡಲೇ ಗುರುತು ಹಿಡಿದರು. "ಅವತ್ತೇ ಹೇಳಿದ್ನಲ್ಲಮ್ಮ, ನಮ್ಮೆಜಮಾನ್ರು ತೀರ್ಕೊಂಡು ತುಂಬಾ ವರ್ಷ ಆಯ್ತು ಅಂತ. ನೀನು ತಲೆ ತಗ್ಗಿಸ್ಕೊಂಡು ಮುಂದಿನ ಪ್ರಶ್ನೆಗೆ ಹೋದೆ." ನಿಜ. ಕುಂಕುಮವಿಲ್ಲದ ಹಣೆ ಕಂಡ ಮೇಲೆ ಗಂಡನ ಮಾತೆತ್ತಲು ಸಂಕೋಚವಾಗಿ ಆ ಜಾಗ ಹಾಗೇ ಬಿಟ್ಟಿದ್ದೆ. ನಮ್ಮ ಕಡೆ ಹಾಗೆ ಬಿಡುವುದೇ ಮರ್ಯಾದೆ.

ಇನ್ನೊಂದು ಮನೆಯಲ್ಲಿ ಗಂಡ ಬಾಗಿಲಿಗೆ ಅಡ್ಡ ನಿಂತಿದ್ದ. ಹಿಂದಿನ ಸಲವೂ ಅಲ್ಲೇ ನಿಂತಿದ್ದ. ಮೇಡಂ ನೇರ ಅವನ ಬಳಿ ಹೋಗಿ, "ಏನಪ್ಪಾ, ನೀವು ಫ್ಯಾಕ್ಟ್ರೀಲಿದ್ರಾ? ನಮ್ಮ ಅಬ್ಬಾ ಫರ್ನೇಸ್‌ನಲ್ಲಿದ್ರು" ಎಂದು ಶುರುಹಚ್ಚಿದರು. ಅವನ ಮುಖ ಅರಳಿತು. ಹಳೇ ಸಾಹೇಬರ ಸುದ್ದಿ, ನೈಟ್ ಶಿಫ್ಟಿನ ಸುದ್ದಿ ಎನ್ನುತ್ತಾ ಅವನನ್ನು ಮೆಲ್ಲಗೆ ಬೇವಿನ ಮರದ ನೆರಳಿಗೆ ಸಾಗಿಸಿದರು. ಒಳಗೆ ಅಕ್ಕಿ ಆರಿಸುತ್ತಿದ್ದ ಹೆಂಡತಿ ಒಮ್ಮೆ ಬಾಗಿಲ ಕಡೆ ನೋಡಿದಳು. "ಅವ್ರ ಮುಂದೆ ಹೆಂಗ್ ಹೇಳ್ಲಿ ಅಕ್ಕಾ? ಸೊನ್ನೆ ಹಾಕ್ಕೊಳ್ಳಿ" ಎಂದು ನಕ್ಕಳು. ನಾನು ಸೊನ್ನೆ ಬರೆದುಕೊಂಡೆ.

ವಾಪಸ್ ಬಂದು, ಮೌಸ್ ಬ್ಯಾಗಿನಲ್ಲಿರುವಾಗಲೇ, ಎಲ್ಲವನ್ನೂ ಮತ್ತೆ ಟೈಪ್ ಮಾಡಿದೆ. ಗಂಡನಿಲ್ಲದವರಿಗೆ ಒಂದು ಗುರುತು, ಉತ್ತರ ಹೇಳದವರಿಗೆ ಬೇರೆ ಗುರುತು. ಬರೀ ಮೊತ್ತದ ಬದಲು, ಅವರವರಿಗೆ ಅನ್ವಯಿಸುವ ಪ್ರಶ್ನೆಗಳ ಸರಾಸರಿ. "ಅವ್ಳಿಗೆ ಯಾರ್ಯಾರು ಇದಾರೋ ಅಷ್ಟು ಜನರಿಂದ ಭಾಗಿಸು. ಇಲ್ದೇ ಇರೋನ್ನ ತಂದು ಅವ್ಳ ತಲೆಗೆ ಕಟ್ಬೇಡ" ಎಂದರು ಮೇಡಂ. ಚುಕ್ಕಿಗಳಿದ್ದ ಜಾಗದಲ್ಲಿ ಒಂದೊಂದೇ ಅಂಕಿ ಮೂಡಿತು. ಸರಾಸರಿ ಇಳಿಯಿತು. ಗಂಡನಿಲ್ಲದ ಹೆಂಗಸರು ಮಕ್ಕಳಿಗಿಂತ, ತವರಿಗಿಂತ ಹೆಚ್ಚಾಗಿ ಪಕ್ಕದ ಮನೆಯವರನ್ನೇ ನೆಚ್ಚಿಕೊಂಡಿದ್ದರು ಎಂಬುದು ಆಗ ಕಂಡಿತು. ಕೊನೆಯ ಅಧ್ಯಾಯವನ್ನು ಪೂರ್ತಿ ಹೊಸದಾಗಿ ಬರೆದೆ. ಗೈಡ್ ಗೊಣಗುತ್ತಲೇ ಸಹಿ ಹಾಕಿದರು. ಕೊನೆಯ ದಿನ, ಕಚೇರಿ ಬಾಗಿಲು ಹಾಕುವ ಹೊತ್ತಿಗೆ ಪ್ರಬಂಧ ಸಲ್ಲಿಸಿದೆ.

ಮೇಡಂ ಅವರನ್ನು ನಾನು ಕೊನೆಯ ಸಲ ನೋಡಿದ್ದು ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ. ಹೃದಯ ಸೋತಿತ್ತು. ಒಬ್ಬರೇ ಇದ್ದವರು, ಮದುವೆಯಾಗಿರಲಿಲ್ಲ. ನನಗೆ ಪದವಿ ಸಿಕ್ಕ ಸುದ್ದಿ ಹೇಳಿದೆ. ಕಣ್ಣಲ್ಲೇ ನಕ್ಕರು. ಆಮೇಲೆ, "ನಿನ್ನ ಸರ್ವೆ ಪ್ರಶ್ನೆಗಳು ಇನ್ನೂ ಮೊಬೈಲಲ್ಲಿ ಇದಾವಾ? ನನ್ನನ್ನ ಕೇಳು" ಎಂದರು.

ಬೇಡ ಮೇಡಂ ಎಂದೆ. ಅವರು ಪಟ್ಟು ಬಿಡಲಿಲ್ಲ. ಮೊಬೈಲ್ ತೆಗೆದೆ.

"ಗಂಡನಿಂದ?"

"ಅನ್ವಯಿಸೋದಿಲ್ಲ. ಖಾಲಿ ಬಿಡ್ಬೇಡ ನೋಡು."

"ಮಕ್ಕಳಿಂದ?" ಎಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ನಾನೇ 'ಅನ್ವಯಿಸುವುದಿಲ್ಲ' ಎಂದು ಒತ್ತಲು ಹೋದಾಗ ಅವರು ನನ್ನ ಮಣಿಕಟ್ಟು ಹಿಡಿದರು. ನನ್ನ ಆ ಕೈಯಲ್ಲಿ ಸ್ಕೂಟಿಯ ಕೀ ಇನ್ನೂ ಇತ್ತು.

"ಮೂರು ಹಾಕು" ಎಂದರು. "ನಾಲ್ಕೇ ಹಾಕ್ಬಹುದಿತ್ತು. ಆದ್ರೆ ಹೇಳಿದ್ದು ಒಂದೇ ಸಲಕ್ಕೆ ಕೇಳಲ್ಲ ನೀನು."